ಸದ್ದಿದೆ ಎಂದು ಹೇಳಿ ಮಾರಿದ ಕಾರು

ಫ್ಯಾನ್ ತಯಾರಿಸುವ ಕಾರ್ಖಾನೆಯಲ್ಲಿ ಅವನಿಗೆಂದೇ ಒಂದು ಕೋಣೆ ಇತ್ತು. ಕೋಣೆ ಎನ್ನುವುದು ದೊಡ್ಡ ಮಾತಾಯಿತು, ಬಟ್ಟೆ ಇಡುವ ಬೀರುವಿಗಿಂತ ಒಂದು ಕೈ ದೊಡ್ಡದು ಅನ್ನಬಹುದು. ಒಳಗೋಡೆಗೆಲ್ಲ ಬೂದು ಬಣ್ಣದ ಸ್ಪಂಜು, ನಡುವೆ ಒಂದು ಮೇಜು, ಮೇಜಿನ ಅಂಚಿನಲ್ಲಿ ಸ್ವಿಚ್ಚು, ಮತ್ತೆ ಬೆನ್ನಿಗೆ ಮೆತ್ತೆಯಿದ್ದ ಒಂದು ಕುರ್ಚಿ. ಎಡಗಡೆ ಕಿಂಡಿಯಿಂದ ಮೋಟರ್ ಒಳಗೆ ಬರಬೇಕು. ಅವನು ಬಾಗಿಲು ಹಾಕಿ, ಸ್ವಿಚ್ಚು ಒತ್ತಿ, ತಲೆ ಓರೆ ಮಾಡಿ ಕೇಳಬೇಕು. ಸರಿ ಇದ್ದರೆ ಹಸಿರು ಚೀಟಿ, ಇಲ್ಲದಿದ್ದರೆ ಕೆಂಪು. ಅಂಟಿಸಿ ಬಲಗಡೆ ಕಿಂಡಿಯಿಂದ ಹೊರಗೆ ತಳ್ಳಬೇಕು. ಸಂಬಳ ಬರುತ್ತಿದ್ದುದು ಇಷ್ಟಕ್ಕೇ.

ಮೊದಲು ಅವನು ಪ್ರೆಸ್ ಹಾಲ್‌ನಲ್ಲಿದ್ದ. ತಗಡು ಕತ್ತರಿಸುವ ಪ್ರೆಸ್ಸುಗಳು ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ನೆಲ ನಡುಗುವಂತೆ ಬಡಿಯುತ್ತಿದ್ದವು. ಒಂದು ದಿನ ಹೊಸ ಪ್ರೆಸ್ಸೊಂದನ್ನು ತೋರಿಸಿ, ಅದು ಇವತ್ತೋ ನಾಳೆಯೋ ಕೈ ಕೊಡುತ್ತದೆ, ಅದರ ಅಳು ಕೇಳಿಸುತ್ತಿದೆ ಎಂದು ಫೋರ್‌ಮನ್‌ಗೆ ಹೇಳಿದ. ಫೋರ್‌ಮನ್ ನಕ್ಕು ಹೋದರು. ಮಾರನೇ ದಿನ ಪ್ರೆಸ್ಸು ನಿಂತಿತು. ಆಮೇಲೆ ಅವನನ್ನು ಸದ್ದಿನ ಕೋಣೆಗೆ ಹಾಕಿದರು. ಅಂದಿನಿಂದ ಅವನ ಹೆಸರು ಕಿವಿರಾಯ. ಹೆತ್ತವರು ಇಟ್ಟ ಹೆಸರು ಹಾಜರಿ ಹಾಕುವ ಗುಮಾಸ್ತನಿಗೆ ಬಿಟ್ಟರೆ ಯಾರಿಗೂ ನೆನಪಿರಲಿಲ್ಲ.

ಅವನು ಅದಕ್ಕೆ ಬೇಸರಪಟ್ಟವನಲ್ಲ. ದೇವರು ಎಲ್ಲರಿಗೂ ಎರಡು ಕಿವಿ ಕೊಟ್ಟು ನಡುವೆ ಮೆದುಳು ಇಟ್ಟ, ನನಗೆ ನಡುವೆ ಏನಾದರೂ ಇಡುವುದು ಮರೆತ, ಆದ್ದರಿಂದ ಸದ್ದು ಅಡ್ಡಿಯಿಲ್ಲದೆ ಓಡಾಡುತ್ತದೆ ಎಂದು ಕ್ಯಾಂಟೀನಿನಲ್ಲಿ ತಾನೇ ಹೇಳಿ ನಗಿಸುತ್ತಿದ್ದ. ಓದು ಅರ್ಧಕ್ಕೆ ನಿಂತಿತ್ತು, ಆಟದಲ್ಲಿ ಸೊನ್ನೆ, ಹಾಡಿದರೆ ನೆರೆಮನೆಯವರು ಕಿಟಕಿ ಹಾಕುತ್ತಿದ್ದರು. ಇದೊಂದರಲ್ಲಿ ಮಾತ್ರ ಅವನು ಒಬ್ಬ ಆಸಾಮಿ. ಆ ಕುರ್ಚಿ ಹೋದರೆ ಮತ್ತೆ ಪ್ರೆಸ್ ಹಾಲ್‌ಗೆ, ನೂರು ಜನರಲ್ಲಿ ಒಬ್ಬನಾಗಿ.

ಕಾರು ಬೇಕೆಂದು ಹಟ ಹಿಡಿದವರು ಮನೆಯಲ್ಲಿ ಯಾರೂ ಇರಲಿಲ್ಲ. ಹೆಂಡತಿ ಹೊಲಿಗೆ ಘಟಕದಲ್ಲಿ ಕೆಲಸಕ್ಕಿದ್ದಳು, ಎರಡು ಬಸ್ಸು ಬದಲಿಸಿ ಹೋಗುತ್ತಿದ್ದಳು, ಬಸ್ಸಿನಲ್ಲಿ ನಿದ್ದೆಯಾದರೂ ಸಿಗುತ್ತದೆ ಎನ್ನುತ್ತಿದ್ದಳು. ತಾಯಿಗೆ ಮಂಡಿ ನೋವು, ಆದರೆ ಆಕೆಗೆ ಹೋಗಬೇಕಾದ ಜಾಗಗಳೂ ಕಡಿಮೆಯೇ. ಕಾರು ಬೇಕಾಗಿದ್ದುದು ಅವನಿಗೆ. ತನಗಾಗಿ ಎಂದು ಹೇಳುವ ಧೈರ್ಯವಿಲ್ಲದ್ದರಿಂದ ತಾಯಿಯ ಮಂಡಿಯನ್ನು ಮುಂದೆ ಮಾಡಿದ.

ಹಳೆ ಕಾರಿನ ವ್ಯಾಪಾರಿ ಊರ ಹೊರಗಿನ ರಸ್ತೆಯಲ್ಲಿ ತಗಡಿನ ಚಪ್ಪರ ಹಾಕಿಕೊಂಡಿದ್ದ. ಮಾರುವವನ ಮುಖವಲ್ಲ ಅದು, ಲೆಕ್ಕದ ಮೇಷ್ಟ್ರ ಮುಖ. ಗಿರಾಕಿಗಳ ಜೊತೆ ಜಗಳ ಆಡಿ ಆಡಿ ಸಾಕಾಗಿ ಒಂದು ಪದ್ಧತಿ ಮಾಡಿಕೊಂಡಿದ್ದ. ಗಾಡಿಯಲ್ಲಿ ಏನೇನು ಐಬಿದೆಯೋ ಎಲ್ಲ ಮೊದಲೇ ಹೇಳಿಬಿಡುವುದು, ಆಮೇಲೆ ಯಾವ ಗ್ಯಾರಂಟಿಯೂ ಕೊಡದಿರುವುದು. ಚಪ್ಪರದ ಕಂಬಕ್ಕೆ ಕಟ್ಟಿದ ಫಲಕದಲ್ಲಿ ಅದನ್ನೇ ಬರೆಸಿದ್ದ: ಹೇಳಿ ಮಾರುತ್ತೇವೆ, ಮಾರಿದ ಮೇಲೆ ಹೇಳಬೇಡಿ.

ಕಿವಿರಾಯನಿಗೆ ಒಂದು ಬಿಳಿ ಕಾರು ಮನಸ್ಸಿಗೆ ಹಿಡಿಸಿತು. ವ್ಯಾಪಾರಿ ಎಂಜಿನ್ ಚಾಲೂ ಮಾಡಿ, ಬಾನೆಟ್ ಎತ್ತಿ ನಿಲ್ಲಿಸಿ, ಪದ್ಧತಿಯಂತೆ ಐಬು ಹೇಳಲು ತೊಡಗಿದ. ಹಿಂದಿನ ಬಾಗಿಲು ಒಮ್ಮೊಮ್ಮೆ ಒಳಗಿನಿಂದ ತೆರೆದುಕೊಳ್ಳುವುದಿಲ್ಲ. ಎಡಗಡೆ ದೀಪ ಬದಲಾಯಿಸಿದ್ದು. ಆಮೇಲೆ ಬಗ್ಗಿ ಎಂಜಿನ್ನಿನ ಮೇಲ್ಭಾಗ ತೋರಿಸಿದ.

"ಇಲ್ಲಿ ಮೇಲ್ಗಡೆ ಟಿಕ್ ಟಿಕ್ ಅಂತ ಸದ್ದಿದೆ, ನೋಡಿ. ಆಯಿಲ್ ಪಂಪ್ ಸವೆದಿರಬೇಕು. ಅದಕ್ಕೇ ಇಷ್ಟು ಕಡಿಮೆಗೆ ಕೊಡ್ತಿರೋದು. ತಗೊಂಡ ತಕ್ಷಣ ಒಬ್ಬ ಮೆಕ್ಯಾನಿಕ್‌ಗೆ ತೋರಿಸಿ."

ಕಿವಿರಾಯ ತಲೆ ಓರೆ ಮಾಡಿದ. ಕಣ್ಣು ಮುಚ್ಚಿದ. ಕಾರ್ಖಾನೆಯಲ್ಲಿ ಹೇಗೋ ಹಾಗೆ.

"ಯಾವ ಸದ್ದು?"

"ಕೇಳಿಸ್ತಿಲ್ವಾ?"

"ಇದ್ರೆ ತಾನೇ ಕೇಳಿಸೋಕೆ."

ವ್ಯಾಪಾರಿ ಆಕ್ಸಿಲರೇಟರ್ ಒತ್ತಿ ತೋರಿಸಿದ, ಬಿಟ್ಟು ತೋರಿಸಿದ. ಚಪ್ಪರದ ಆಚೆ ತುದಿಯಲ್ಲಿ ಗಾಜು ಒರೆಸುತ್ತಿದ್ದ ಆಳನ್ನು ಕರೆದು ಕೇಳಿದ. ಅಲ್ಲಿಂದಲೇ ಕೇಳಿಸ್ತಿದೆಯಲ್ಲ ಎಂದ ಆಳು. ಕಿವಿರಾಯನಿಗೆ ಈಗ ಸ್ವಲ್ಪ ರೇಗಿತು. ಈತ ಈ ಗಾಡಿಯನ್ನು ತನ್ನ ಕಡೆಯವರಿಗೆ ಯಾರಿಗೋ ಎತ್ತಿಟ್ಟಿದ್ದಾನೆ, ಬಂದ ಗಿರಾಕಿಯನ್ನು ಹೆದರಿಸಿ ಕಳಿಸಲು ಇಲ್ಲದ ರೋಗ ಹೇಳುತ್ತಿದ್ದಾನೆ ಎಂದು ಲೆಕ್ಕ ಹಾಕಿದ. ತಾನು ಯಾರು, ತನ್ನ ಕೋಣೆ ಎಂಥದ್ದು, ತನ್ನ ಕಿವಿಯನ್ನು ದಾಟದೆ ಒಂದು ಫ್ಯಾನೂ ಹೊರಗೆ ಹೋಗುವುದಿಲ್ಲ ಎಂಬುದನ್ನೆಲ್ಲ ಸಾವಧಾನವಾಗಿ ವಿವರಿಸಿದ. ವ್ಯಾಪಾರಿ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸುತ್ತ ಪೂರ್ತಿ ಕೇಳಿದ.

"ಗಾಡಿ ಸರಿ ಇಲ್ಲ ಅಂತ ಜಗಳ ಆಡೋರನ್ನ ದಿನಾ ನೋಡ್ತೀನಿ ಸ್ವಾಮಿ. ಸರಿ ಇದೆ ಅಂತ ಜಗಳ ಆಡಿದೋರು ನೀವೇ ಮೊದಲು. ತಗೊಂಡು ಹೋಗಿ. ನಾನಂತೂ ಹೇಳಿದೀನಿ."

ಹೀಗೆ ಸಾಮಾನ್ಯವಾಗಿ ಮಾರುವವನು ಕೊಳ್ಳುವವನ ಕಿವಿಗೆ ಹೂವಿಡುವ ಕಡೆಯಲ್ಲಿ ಕಿವಿರಾಯ ತನ್ನ ಕಿವಿಗೆ ತಾನೇ ಹೂವಿಟ್ಟುಕೊಂಡು, ಅದು ಸರಿಯಾಗಿ ಕೂತಿದೆಯೇ ಎಂದು ಕನ್ನಡಿಯಲ್ಲಿಯೂ ನೋಡಿಕೊಂಡು ಮನೆಗೆ ಬಂದ.

ಹೆಂಡತಿ ಮುಂದಿನ ಸೀಟಿನಲ್ಲಿ ಕೂತ ಮೊದಲ ದಿನವೇ ಕೇಳಿದಳು.

"ರೀ, ಏನೋ ಟಿಕ್ ಟಿಕ್ ಅಂತಿದೆಯಲ್ಲ?"

ಅವಳ ಕೈಚೀಲದ ಕೊಂಡಿ ಇರಬೇಕು ಎಂದ. ಅವಳು ಚೀಲವನ್ನು ತೊಡೆಯ ಮೇಲೆ ಬಟ್ಟೆಯಲ್ಲಿ ಸುತ್ತಿ ಹಿಡಿದುಕೊಂಡಳು. ಸದ್ದು ಹೋಗಲಿಲ್ಲ. ಊಟದ ಡಬ್ಬಿಯೊಳಗಿನ ಚಮಚ ಎಂದ. ಅವಳು ಚಮಚವನ್ನು ಕೈಯಲ್ಲಿ ಹಿಡಿದು ಕೂತಳು. ಸೂಜಿ ಬಾಗಿದಾಗ ತನ್ನ ಹೊಲಿಗೆ ಯಂತ್ರ ಥೇಟ್ ಹೀಗೇ ಅನ್ನುತ್ತದೆ, ಆಗ ನಿಲ್ಲಿಸದಿದ್ದರೆ ಸೂಜಿ ಮುರಿದು ಬಟ್ಟೆಯನ್ನೂ ಹಾಳು ಮಾಡುತ್ತದೆ ಎಂದಳು. ಇದು ಹೊಲಿಗೆ ಯಂತ್ರ ಅಲ್ಲ ಎಂದು ಅವನು ತಿಳಿಹೇಳಿದ. ಅದು ಅವಳಿಗೂ ಗೊತ್ತಿತ್ತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನ ಜೊತೆ ನಾಲ್ಕನೆಯ ಕಾಲಿನ ವಿಷಯ ಎತ್ತಿ ಪ್ರಯೋಜನವಿಲ್ಲವೆಂದು ಸುಮ್ಮನಾದಳು.

ಹಿಂದಿನ ಸೀಟಿನಲ್ಲಿದ್ದ ತಾಯಿಗೂ ಕೇಳಿಸುತ್ತಿತ್ತು. ಕಾರಿನಲ್ಲಿ ಗಡಿಯಾರ ಇದೆಯೇನೋ ಮಗಾ ಎಂದು ಆಕೆ ಕೇಳಿದಾಗ, ಹೌದಮ್ಮ, ಅದರ ಸದ್ದೇ ಅದು ಎಂದ. ಕಾರಿನಲ್ಲಿ ಗಡಿಯಾರ ಇದ್ದದ್ದು ನಿಜ. ಅದು ಯಾವ ಕಾಲದಲ್ಲೋ ನಿಂತುಹೋಗಿತ್ತು ಎನ್ನುವುದು ತಾಯಿಗೆ ಹಿಂದಿನಿಂದ ಕಾಣುತ್ತಿರಲಿಲ್ಲ.

ತಿಂಗಳು ತುಂಬುವ ಮೊದಲು ಒಂದು ಭಾನುವಾರ ಮೂವರೂ ಚಿಕ್ಕಮ್ಮನ ಮನೆಗೆ ಹೊರಟರು. ದಾರಿಯಲ್ಲಿ ಒಂದು ಉದ್ದನೆಯ ಏರು. ಅರ್ಧ ಏರುವಷ್ಟರಲ್ಲಿ ಹೆಂಡತಿ ಕಿವಿ ಮುಚ್ಚಿಕೊಂಡಳು. ಈಗ ಟಿಕ್ ಟಿಕ್ ಅಲ್ಲ, ಟಕಟಕ ಎಂದಳು. ಕಿವಿರಾಯ ಕಿಟಕಿ ಇಳಿಸಿ ಕೇಳಿದ. ಗಾಳಿಯ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಇಲ್ಲ ಎಂದು ಹೇಳಲು ಅವನು ಬಾಯಿ ತೆರೆಯುವುದಕ್ಕೂ ಎಂಜಿನ್ ಒಮ್ಮೆ ನರಳಿ ಬಿಗಿದುಕೊಳ್ಳುವುದಕ್ಕೂ ಸರಿಹೋಯಿತು. ನರಳಿದ್ದು ಅವನಿಗೂ ಕೇಳಿಸಿತು. ಕಾರು ಹಿಂದಕ್ಕೆ ಜಾರತೊಡಗಿತು. ಕೈಬ್ರೇಕ್ ಎಳೆದು, ಇಳಿದು, ಚಕ್ರದ ಹಿಂದೆ ಕಲ್ಲಿಟ್ಟ. ತಾಯಿ ಕೂತಲ್ಲಿಂದಲೇ, ಗಡಿಯಾರ ನಿಂತಿತಾ ಎಂದಳು. ಆಕೆ ಕುಹಕದಿಂದ ಹೇಳಿದಳೋ ಮುಗ್ಧವಾಗಿ ಹೇಳಿದಳೋ ಅವನಿಗೆ ಇವತ್ತಿಗೂ ತಿಳಿದಿಲ್ಲ. ಹಿಂದಿನ ಬಾಗಿಲು ಒಳಗಿನಿಂದ ತೆರೆದುಕೊಳ್ಳಲಿಲ್ಲ. ಅದನ್ನೂ ವ್ಯಾಪಾರಿ ಹೇಳಿದ್ದ.

ಕಾರನ್ನು ಹಗ್ಗ ಕಟ್ಟಿ ಎಳೆಸಿಕೊಂಡು ಹತ್ತಿರದ ಶೆಡ್ಡಿಗೆ ತಂದರು. ಮೆಕ್ಯಾನಿಕ್ ಬಿಸ್ಕತ್ತು ತಿನ್ನುತ್ತಿದ್ದವನು ತಿನ್ನುತ್ತಲೇ ಎದ್ದು ಬಂದ. ಆಯಿಲ್ ಅಳೆಯುವ ಕಡ್ಡಿ ಎಳೆದು ನೋಡಿದ, ಮೇಲಿನ ಮುಚ್ಚಳ ಬಿಚ್ಚಿದ. ಒಳಗೆ ಆಯಿಲ್ಲಿನ ಪಸೆಯಿರಲಿಲ್ಲ. ಪಂಪ್ ಸವೆದು ಆಯಿಲ್ ಮೇಲಕ್ಕೆ ಬರುವುದೇ ನಿಂತಿದೆ, ಒಣಗಿದ ಕಬ್ಬಿಣ ಒಂದನ್ನೊಂದು ತಿಂದುಹಾಕಿದೆ, ಪೂರ್ತಿ ಇಳಿಸಿ ಬಿಚ್ಚಬೇಕು ಎಂದ. ಆಮೇಲೆ, ಬಹಳ ದಿನದಿಂದ ಸದ್ದು ಮಾಡಿರಬೇಕಲ್ಲ ಇದು ಎಂದು ಕೇಳಿದ.

ಹೆಂಡತಿ ರಸ್ತೆಯ ಕಡೆ ನೋಡಿದಳು.

"ಮಾಡ್ತಿತ್ತಪ್ಪ," ಎಂದಳು ತಾಯಿ.

"ಇಲ್ಲ," ಎಂದ ಕಿವಿರಾಯ.

ಮೆಕ್ಯಾನಿಕ್‌ಗೆ ಇದರಲ್ಲಿ ಒಂದು ಪಕ್ಷ ವಹಿಸುವ ಆಸಕ್ತಿ ಇರಲಿಲ್ಲ. ಪಕ್ಕದಲ್ಲಿ ಇಂಥದೇ ಇನ್ನೊಂದು ಗಾಡಿ ರಿಪೇರಿಗೆ ನಿಂತಿತ್ತು. ಅದರ ಎಂಜಿನ್ ಚಾಲೂ ಮಾಡಿ, ಇದಕ್ಕೂ ಅದೇ ಕಾಯಿಲೆ, ಇನ್ನೂ ಶುರುವಿನಲ್ಲಿದೆ, ಕೇಳಿ ನೋಡಿ ಎಂದು ಬಿಸ್ಕತ್ತಿನ ಕಡೆ ಹೋದ. ಹೆಂಡತಿ ತಲೆಯಾಡಿಸಿದಳು. ತಾಯಿ ತಲೆಯಾಡಿಸಿದಳು. ಟಯರಿಗೆ ಗಾಳಿ ಹಾಕಿಸಲು ಬಂದ ಅಪರಿಚಿತನೊಬ್ಬ, ಯಾರೂ ಕೇಳದಿದ್ದರೂ, ಹೌದು ಹೌದು ಎಂದ. ಕಿವಿರಾಯನಿಗೆ ಕೇಳಿಸುತ್ತಿದ್ದುದು ಒಂದು ದಪ್ಪ ಗುಂಯ್ ಮಾತ್ರ.

ಅವನು ಇನ್ನೂ ಹತ್ತಿರ ಬಗ್ಗಿದ. ಬಗ್ಗುವಾಗ ಆಸರೆಗೆಂದು ಎಡಗೈ ಎಂಜಿನ್ನಿನ ಮುಚ್ಚಳದ ಮೇಲೆ ಊರಿತು. ಸದ್ದು ಅಲ್ಲಿತ್ತು. ಸಣ್ಣಗೆ, ಒಂದೇ ಸಮ, ನಾಡಿಯ ಹಾಗೆ ಅಂಗೈಗೆ ಬಡಿಯುತ್ತಿತ್ತು. ಕೈ ಎತ್ತಿದ. ಹೋಯಿತು. ಊರಿದ. ಬಂತು. ಹೆಂಡತಿ ಅವನ ಕೈಯನ್ನೇ ನೋಡುತ್ತಿದ್ದಳು. ಮೂವರೂ ಬಸ್ಸಿನಲ್ಲಿ ಮನೆಗೆ ಬಂದರು.

ಮರುದಿನ ಸದ್ದಿನ ಕೋಣೆಯಲ್ಲಿ ಅವನು ಮೋಟರಿನ ಬದಲು ತನ್ನನ್ನೇ ಗಮನಿಸಿದ. ಕಿಂಡಿಯಿಂದ ಮೋಟರ್ ಬಂತು. ಬಲಗೈ ಸ್ವಿಚ್ಚಿಗೆ ಹೋಗುವ ಮೊದಲೇ ಎಡಗೈ ತಾನಾಗಿ ಹೋಗಿ ಮೋಟರಿನ ಬೆನ್ನ ಮೇಲೆ ಕೂತಿತು, ಹಸುವಿನ ಮೈ ಸವರುವವರ ಹಾಗೆ. ಎಷ್ಟು ಕಾಲದಿಂದ ಹೀಗೆ ಕೂರುತ್ತಿತ್ತೋ. ಆ ಕೈಯನ್ನು ಜೇಬಿಗೆ ಹಾಕಿ ಮುಂದಿನ ಮೋಟರ್ ಕೇಳಿದ. ಅದರ ಮುಂದಿನದನ್ನು ಕೇಳಿದ. ಎಲ್ಲವೂ ಒಂದೇ ರಾಗ, ಒಂದೇ ಗುಂಯ್. ಕೈ ಹೊರತೆಗೆದು ಇಟ್ಟರೆ ಒಂದರಲ್ಲಿ ಮರಳು ಉಜ್ಜಿದ ಹಾಗಿತ್ತು, ಇನ್ನೊಂದು ಸಾಪಾಗಿತ್ತು. ಇಷ್ಟು ದಿನ ಕೆಲಸ ಮಾಡಿದ್ದು ಕೈ, ಹೆಸರು ಗಿಟ್ಟಿಸಿದ್ದು ಕಿವಿ. ಕಚೇರಿಗಳಲ್ಲಿ ಇದು ಹೊಸದೇನಲ್ಲ, ಆದರೆ ಒಂದೇ ಮೈಯಲ್ಲಿ ನಡೆಯುವುದು ಅಪರೂಪ ಎಂದು ಅವನಿಗೇ ಅನ್ನಿಸಿತು. ನಗು ಬರಲಿಲ್ಲ.

ಕೈಗೆ ಸಿಗದ ಸದ್ದುಗಳೂ ಇರುತ್ತವೆ. ಬೇರಿಂಗ್ ಒಣಗಿದರೆ ಕೂದಲೆಳೆಯಷ್ಟು ತೆಳುವಾದ ಶಿಳ್ಳೆ ಬರುತ್ತದೆ, ಅದು ಅಂಗೈಗೆ ತಾಗುವುದಿಲ್ಲ. ಅಂಥವು ಎಷ್ಟಕ್ಕೆ ತಾನು ಹಸಿರು ಚೀಟಿ ಅಂಟಿಸಿ, ಯಾರ ಮನೆಯ ಮಾಡಿಗೆ ನೇತುಹಾಕಿಸಿದ್ದೇನೋ ಎಂದು ಯೋಚಿಸುತ್ತ ಸಂಜೆ ಅಡುಗೆಮನೆಯ ಬಾಗಿಲಲ್ಲಿ ನಿಂತ. ಹೆಂಡತಿಗೆ ಅರ್ಧ ಹೇಳುವಷ್ಟರಲ್ಲಿ ಉಳಿದರ್ಧ ಅವಳಿಗೆ ತಿಳಿದಿತ್ತು.

"ಹೇಳ್ಬಿಡಿ ಫೋರ್‌ಮನ್‌ಗೆ."

"ಹೇಳಿದ್ರೆ ವಾಪಸ್ ಪ್ರೆಸ್ ಹಾಲ್‌ಗೆ ಹಾಕ್ತಾರೆ ಕಣೇ."

"ಕಿವಿ ಹೋಗಿದ್ದೇ ಅಲ್ಲಿ ಅಲ್ವಾ? ಇನ್ನೇನು ಹೋಗೋಕಿದೆ?"

ತರಕಾರಿ ಹೆಚ್ಚುವುದನ್ನು ನಿಲ್ಲಿಸದೆ ಅವಳು ಹೀಗೆ ಕೇಳಿದಳು. ನಾಳೆ ಹೇಳುತ್ತೇನೆ ಎಂದ. ನಾಳೆ ಬಂತು, ಹೇಳಲಿಲ್ಲ. ಇನ್ನೊಂದು ನಾಳೆಯೂ ಬಂತು.

ಅವನು ಹೇಳುವ ಮೊದಲು ಕಥೆಯೇ ನಡೆದುಕೊಂಡು ಕಾರ್ಖಾನೆಗೆ ಬಂತು. ಉಗ್ರಾಣದವನು ಕಾರು ನೋಡಲು ಅದೇ ಚಪ್ಪರಕ್ಕೆ ಹೋಗಿದ್ದ. ವ್ಯಾಪಾರಿ ಈಗ ಪ್ರತಿ ಗಿರಾಕಿಗೂ ಐಬುಗಳ ಜೊತೆ ಈ ಕಥೆಯನ್ನೂ ಹೇಳುತ್ತಿದ್ದ. ಫ್ಯಾನ್ ಕಾರ್ಖಾನೆಯವನಂತೆ, ಕಿವಿಗೇ ಸಂಬಳವಂತೆ, ಸದ್ದಿದೆ ಅಂದರೆ ನನ್ನ ಮೇಲೇ ರೇಗಿದ ಎಂದು. ಊರಿಗೆಲ್ಲ ಶಕುನ ಹೇಳೋ ಹಲ್ಲಿ ತಾನೇ ಬಚ್ಚಲಿಗೆ ಬಿತ್ತಂತೆ ಎಂದು ಉಗ್ರಾಣದವನು ಕ್ಯಾಂಟೀನಿನಲ್ಲಿ ಶುರು ಮಾಡಿದಾಗ ಇಡೀ ಸಾಲು ನಕ್ಕಿತು. ಕಿವಿರಾಯ ಎಲ್ಲರಿಗಿಂತ ಮೊದಲು ನಕ್ಕ, ಸಾಲದ್ದಕ್ಕೆ ನಿಂತ ಗಡಿಯಾರದ ಪ್ರಸಂಗವನ್ನೂ ತಾನೇ ಸೇರಿಸಿದ. ಫೋರ್‌ಮನ್ ಕೂಡ ನಕ್ಕರು. ಆಮೇಲೆ ಅವರ ನಗು ನಿಂತಿತು. ಟೀ ಲೋಟ ಕೆಳಗಿಟ್ಟು ಅವನನ್ನು ಒಂದು ಸಲ ನೋಡಿದರು. ಅದನ್ನು ಗಮನಿಸಿದವನು ಕಿವಿರಾಯ ಒಬ್ಬನೇ.

ಊಟದ ಬಿಡುವು ಮುಗಿಯುವಷ್ಟರಲ್ಲಿ ಫೋರ್‌ಮನ್ ಸದ್ದಿನ ಕೋಣೆಯ ಮುಂದೆ ಕೈಗಾಡಿಯಲ್ಲಿ ಮೋಟರುಗಳನ್ನು ಇಟ್ಟುಕೊಂಡು ನಿಂತಿದ್ದರು. ಕೆಲವು ಒಳ್ಳೆಯವು, ಕೆಲವು ಬೇಕೆಂದೇ ಕೆಡಿಸಿದವು. ಯಾವುವು ಯಾವುವೆಂದು ಅವರೊಬ್ಬರಿಗೇ ಗೊತ್ತು. ಒಳಗೆ ಬಂದು ಬಾಗಿಲು ಹಾಕಿಕೊಂಡು ಗೋಡೆಗೆ ಒರಗಿ ನಿಂತರು. ಮೊದಲನೆಯ ಮೋಟರಿಗೆ ಎಡಗೈ ಹೋಗುತ್ತಿದ್ದಂತೆ ಅವರ ಕಣ್ಣೂ ಅಲ್ಲಿಗೆ ಹೋಯಿತು.

"ಆ ಕೈ ಯಾಕೆ?"

"ಅಭ್ಯಾಸ ಸರ್."

"ಜೇಬಲ್ಲಿಡು."

ಕೈ ಜೇಬಿಗೆ ಹೋಯಿತು. ಕಿವಿರಾಯ ಒಂದೊಂದನ್ನೂ ಕೇಳಿದ. ಊಹೆಯ ಮೇಲೆ ಅಲ್ಲೊಂದು ಇಲ್ಲೊಂದು ಕೆಂಪು ಅಂಟಿಸಬಹುದಿತ್ತು, ಪರೀಕ್ಷೆಯಲ್ಲಿ ಹಾಗೆ ಪಾಸಾದ ಅನುಭವವೂ ಅವನಿಗಿತ್ತು. ಕೆಂಪು ಚೀಟಿಯ ಮೇಲೆ ಬೆರಳಿಟ್ಟು, ಎತ್ತಿದ. ಆಮೇಲೆ ಎಲ್ಲಕ್ಕೂ ಹಸಿರನ್ನೇ ಅಂಟಿಸಿ ಕೈಕಟ್ಟಿ ಕೂತ.

"ನನಗೆ ಎಲ್ಲಾ ಒಂದೇ ಥರ ಕೇಳಿಸ್ತಿದೆ ಸರ್. ಕಾರೂ ಹೀಗೇ ಕೇಳಿಸಿತ್ತು."

ಫೋರ್‌ಮನ್ ಹಸಿರು ಚೀಟಿಗಳನ್ನು ಒಂದೊಂದಾಗಿ ನೋಡಿದರು. ಪ್ರೆಸ್ ಹಾಲ್‌ನಿಂದ ಇವನನ್ನು ಆರಿಸಿ ಇಲ್ಲಿ ಕೂರಿಸಿದವರು ಅವರೇ. ಆ ಹಾಲ್‌ನಲ್ಲಿ ಇವನಿಗಿಂತ ಹೆಚ್ಚು ವರ್ಷ ನಿಂತವರೂ ಅವರೇ. ಈಗ ಕೈ ಇಟ್ಟು ನೋಡು ಎಂದರು. ಕೈ ಇಟ್ಟಾಗ ಕೆಟ್ಟವೆಲ್ಲ ಒಂದೊಂದಾಗಿ ಸಿಕ್ಕಿಬಿದ್ದವು. ಒಂದು ಮಾತ್ರ ಸಿಗಲಿಲ್ಲ. ಅದು ಒಣ ಬೇರಿಂಗಿನದು. ಫೋರ್‌ಮನ್ ಬಾಗಿಲು ತೆರೆದು, ಪ್ಯಾಕಿಂಗ್ ಸಾಲಿನಲ್ಲಿ ಪೆಟ್ಟಿಗೆ ಮಡಚುತ್ತಿದ್ದ ಹುಡುಗಿಯನ್ನು ಕರೆದು ಆ ಮೋಟರ್ ಕೇಳಿಸಿದರು. ಅವಳು ಹುಳಿ ತಿಂದವಳ ಹಾಗೆ ಮುಖ ಕಿವುಚಿದಳು. ಫೋರ್‌ಮನ್ ಅವಳ ಮುಖ ನೋಡಿದರು, ಆಮೇಲೆ ತಮ್ಮ ಕಿವಿಗೆ ಒಮ್ಮೆ ಬೆರಳು ಹಾಕಿ ಅಲುಗಿಸಿ ನೋಡಿಕೊಂಡರು. ಕೆಡಿಸಿದ್ದು ತಾವೇ ಆದ್ದರಿಂದ ಅದು ಕೆಟ್ಟದ್ದೆಂದು ಅವರಿಗೆ ಗೊತ್ತಿತ್ತು, ಅಷ್ಟೆ. ಶಿಳ್ಳೆ ಅವರಿಗೂ ಕೇಳಿಸಿರಲಿಲ್ಲ.

ಕಾರ್ಖಾನೆಯ ಖರ್ಚಿನಲ್ಲಿ ಫೋರ್‌ಮನ್ ಮತ್ತು ಕಿವಿರಾಯ ಇಬ್ಬರನ್ನೂ ಕಿವಿಯ ಡಾಕ್ಟರ ಹತ್ತಿರ ಕಳಿಸಿದರು. ಗುಗ್ಗೆಯೇನಾದರೂ ಕಟ್ಟಿಕೊಂಡಿದ್ದೀತು ಎಂದು ಕಿವಿರಾಯನಿಗೆ ಕೊನೆಯವರೆಗೂ ಒಂದು ಆಸೆಯಿತ್ತು. ಗುಗ್ಗೆ ಇರಲಿಲ್ಲ. ತೆಳು ಸದ್ದುಗಳು ಹೋಗಿವೆ, ಹೋದದ್ದು ಬರುವುದಿಲ್ಲ, ಇರುವುದನ್ನಾದರೂ ಕಾಪಾಡಿಕೊಳ್ಳಿ ಎಂದರು ಡಾಕ್ಟರು. ಪ್ರೆಸ್ ಹಾಲ್‌ನಲ್ಲಿ ಎಲ್ಲರಿಗೂ ಕಿವಿಗೆ ತುರುಕಿಕೊಳ್ಳುವ ಬಿರಡೆ ಹಂಚಿದರು. ಮೊದಲ ವಾರ ಎಲ್ಲರೂ ಹಾಕಿಕೊಂಡರು, ಆಮೇಲೆ ಅರ್ಧ ಜನ.

ಕುರ್ಚಿಯ ವಿಷಯ ಫೋರ್‌ಮನ್ ಎರಡು ಮಾತಿನಲ್ಲಿ ಮುಗಿಸಿದರು. ಕುರ್ಚಿ ಆ ಹುಡುಗಿಗೆ. ಕಿವಿರಾಯನಿಗೆ ಪ್ರೆಸ್ ಹಾಲ್ ಬೇಡ, ಅವನ ಕೈಯೂ ಕೋಣೆಯಲ್ಲಿ ಬೇಕು, ಪಕ್ಕಕ್ಕೆ ಒಂದು ಸ್ಟೂಲ್ ಹಾಕಿಸಿ. ಇದು ಬಡ್ತಿಯೋ ಹಿಂಬಡ್ತಿಯೋ ಎಂದು ಕ್ಯಾಂಟೀನಿನಲ್ಲಿ ಚರ್ಚೆಯಾಯಿತು. ಸ್ಟೂಲಿಗೆ ಬೆನ್ನಿಲ್ಲದಿರುವುದರಿಂದ ಒರಗಲಾಗದು, ಒರಗಲಾಗದ ಕಡೆ ಕೂತವನನ್ನು ಯಾರೂ ಕೆಳಕ್ಕೆ ಎಳೆಯುವುದಿಲ್ಲ ಎಂದು ಕಿವಿರಾಯ ತೀರ್ಪು ಕೊಟ್ಟ. ಮನೆಯಲ್ಲಿ ಅಷ್ಟು ಚೆನ್ನಾಗಿ ಹೇಳಲು ಬರಲಿಲ್ಲ. ಕುರ್ಚಿ ಹೋಯಿತು, ಕೋಣೆ ಉಳಿಯಿತು ಎಂದಷ್ಟೇ ಹೇಳಿದ. ಹೆಂಡತಿ ಅವನ ತಟ್ಟೆಗೆ ಇನ್ನೊಂದು ಸೌಟು ಬಡಿಸಿದಳು. ಕಾರು ಇನ್ನೂ ಶೆಡ್ಡಿನಲ್ಲೇ ಇತ್ತು, ಎಂಜಿನ್ ಬಿಚ್ಚಿ ಹರಡಿಕೊಂಡು.

ಹೊಸ ಏರ್ಪಾಡಿನ ಮೊದಲ ದಿನ ಹುಡುಗಿ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಸಂಕೋಚಕ್ಕೆ ಮೊದಮೊದಲು ಅವನು ಹೇಳಿದ್ದಕ್ಕೆಲ್ಲ ಹೌದು ಸರ್ ಎನ್ನುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಬಂದ ಒಂದು ಮೋಟರ್ ಅವನ ಅಂಗೈಗೆ ಬೆಣ್ಣೆಯ ಹಾಗಿತ್ತು. ಹಸಿರು ಚೀಟಿ ಸುಲಿಯುತ್ತಿದ್ದವನು ಅವಳ ಹುಬ್ಬು ಗಂಟಿಕ್ಕಿದ್ದು ನೋಡಿ ನಿಂತ.

"ಏನಮ್ಮಾ?"

"ನೀವು ಸರಿ ಇದೆ ಅಂದ್ರೆ ಸರಿ ಸರ್."

"ನನ್ನ ಕಥೆ ಬಿಡು. ನಿನಗೆ ಏನು ಕೇಳಿಸ್ತಿದೆ?"

"ಒಂಚೂರು ಶಿಳ್ಳೆ ಇದೆ."

ಅವನು ತಲೆ ಓರೆ ಮಾಡಿದ. ಏನೂ ಇರಲಿಲ್ಲ. ಕೈ ಒತ್ತಿದ. ಅಲ್ಲಿಯೂ ಏನೂ ಇರಲಿಲ್ಲ. ಇಲ್ಲ ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂದದ್ದು ನಿಜ. ಅದನ್ನು ನುಂಗಿ, ಹಸಿರನ್ನು ಹಾಳೆಗೆ ಮರಳಿ ಅಂಟಿಸಿ, ಕೆಂಪು ಸುಲಿದ. ಆಮೇಲಿನ ಮೋಟರುಗಳಿಗೆಲ್ಲ, ಅವಳು ಹೂಂ ಅನ್ನುವವರೆಗೆ ಅವನು ಸ್ವಿಚ್ಚು ಆರಿಸಲಿಲ್ಲ.